ಉದ್ಯೋಗದಾತರ ಪರಿಶೀಲನೆ: ಸಂದರ್ಶನದ ಹಂತದಲ್ಲಿ

ಕೆಲಸಕ್ಕೆ ಅರ್ಜಿ ಹಾಕಿದ ವ್ಯಕ್ತಿ ತನ್ನನ್ನು ಸಂದರ್ಶಿಸುತ್ತಿರುವ ಸಂಸ್ಥೆಯನ್ನು ತಾನೂ ಅಳೆದು ನೋಡುವುದಕ್ಕೆ ಉದ್ಯೋಗದಾತರ ಪರಿಶೀಲನೆ ಎನ್ನಬಹುದು. ಹೇಳಿದ ಸಂಬಳ ಹೇಳಿದಂತೆ ಕೈಗೆ ಬರುತ್ತದೆಯೇ, ಸಂಸ್ಥೆ ಇನ್ನಷ್ಟು ವರ್ಷ ಬಾಳುವಂತಿದೆಯೇ, ಯಾರ ಕೈಕೆಳಗೆ ದುಡಿಯಬೇಕೋ ಅವರು ಎಂಥವರು, ಬೇಡವೆನಿಸಿದ ದಿನ ಬಿಟ್ಟು ಬರುವುದು ಎಷ್ಟು ಕಷ್ಟ: ಈ ನಾಲ್ಕು ಪ್ರಶ್ನೆಗಳು ಅದರ ತಿರುಳು. ಭಾರತದ ಖಾಸಗಿ ವಲಯದಲ್ಲಿ, ಅದರಲ್ಲೂ ಬೆಂಗಳೂರಿನ ಐಟಿ ಮತ್ತು ಸೇವಾ ಕಂಪನಿಗಳಲ್ಲಿ, ಲಕ್ಷಾಂತರ ಜನ ಪ್ರತಿವರ್ಷ ಈ ಪ್ರಶ್ನೆಗಳಿಗೆ ಉತ್ತರ ಸಿಗದೆಯೇ ಸಹಿ ಹಾಕುತ್ತಾರೆ. ಕಾರಣ ಅಸಡ್ಡೆಯಲ್ಲ. ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬ ತಿಳಿವಳಿಕೆಯನ್ನು ಶಾಲೆ ಕಾಲೇಜುಗಳು ಕೊಡುವುದಿಲ್ಲ, ಪ್ಲೇಸ್‌ಮೆಂಟ್ ವಿಭಾಗಗಳೂ ಕೊಡುವುದಿಲ್ಲ. ಸಂದರ್ಶನದ ಕೋಣೆಯಲ್ಲಿ ಸಂಸ್ಥೆ ತನ್ನ ಬಗ್ಗೆ ಆಡುವ ಮಾತು ಸಿಗಬಹುದಾದ ಸಾಕ್ಷ್ಯಗಳಲ್ಲೆಲ್ಲ ದುರ್ಬಲವಾದದ್ದು. ಸುಳ್ಳಾಗಿಸಬೇಕಾದರೆ ಸಂಸ್ಥೆ ಬೆಲೆ ತೆರಬೇಕಾದ ಸಾಕ್ಷ್ಯಗಳು ಮೂರಿವೆ: ಸರ್ಕಾರಕ್ಕೆ ಸಲ್ಲಿಸಿದ ದಾಖಲೆ, ಸಹಿ ಬೀಳುವ ಕಾಗದ, ಮತ್ತು ನೇಮಕಾತಿಯನ್ನು ನಡೆಸಿದ ರೀತಿ. ಪರಿಶೀಲನೆ ಈ ಮೂರರ ಮೇಲೆ ನಿಲ್ಲಬೇಕು ಎಂಬುದು ಇಲ್ಲಿನ ವಾದ.

ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಬುನಾದಿ ಬಿದ್ದದ್ದು 1970ರ ದಶಕದಲ್ಲಿ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆ ಹೇಗೆ ಕೆಡುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. 1973ರಲ್ಲಿ ಮೈಕೆಲ್ ಸ್ಪೆನ್ಸ್ ಅದೇ ಯೋಚನೆಯನ್ನು ಉದ್ಯೋಗ ಮಾರುಕಟ್ಟೆಗೆ ತಂದರು. ಅಭ್ಯರ್ಥಿಯ ಸಾಮರ್ಥ್ಯ ಮಾಲೀಕನ ಕಣ್ಣಿಗೆ ಕಾಣದು, ಆದ್ದರಿಂದ ಪದವಿಯಂಥ ದುಬಾರಿ ಗುರುತುಗಳಿಗೆ ಬೆಲೆ ಬರುತ್ತದೆ ಎಂದರು. ಸುಲಭವಾಗಿ ನಕಲು ಮಾಡಲಾಗದ ಗುರುತಿಗೆ ಮಾತ್ರ ಅರ್ಥವಿದೆ ಎಂಬುದು ಅವರ ಮಾತಿನ ಸಾರ. ಇವರಿಬ್ಬರೂ ಜೋಸೆಫ್ ಸ್ಟಿಗ್ಲಿಟ್ಜ್ ಜೊತೆಗೆ 2001ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ಸ್ಪೆನ್ಸ್ ನೋಡಿದ್ದು ಮಾಲೀಕನ ಕಡೆಯಿಂದ. ಅದೇ ತರ್ಕವನ್ನು ತಿರುಗಿಸಿದರೆ ಅಭ್ಯರ್ಥಿಯ ಕಷ್ಟ ಕಾಣುತ್ತದೆ: ಸಂಸ್ಥೆಯ ಒಳಗುಣ ಹೊರಗಿನವರಿಗೆ ಕಾಣದು, ಒಳಗೆ ಹೋಗಿ ಕೆಲವು ತಿಂಗಳು ಕಳೆದ ಮೇಲೆಯೇ ತಿಳಿಯುವುದು. 1979ರಲ್ಲಿ ಬೋಯನ್ ಯೊವನೋವಿಚ್ ಉದ್ಯೋಗವನ್ನು ಹೀಗೆ ಅನುಭವಿಸಿದ ಮೇಲಷ್ಟೇ ಬೆಲೆ ತಿಳಿಯುವ ವಸ್ತುವಾಗಿ ವಿವರಿಸಿ, ಜನ ಕೆಲಸ ಬಿಡುವುದರಲ್ಲಿ ಹೆಚ್ಚು ಪಾಲು ತಡವಾಗಿ ಬಂದ ಈ ತಿಳಿವಿನ ಫಲ ಎಂದು ವಾದಿಸಿದರು. ಅಭ್ಯರ್ಥಿಯ ಪದವಿಯನ್ನು ಮಾಲೀಕ ಹೇಗೆ ಓದುತ್ತಾನೋ ಹಾಗೆಯೇ ಮಾಲೀಕನ ದುಬಾರಿ ಗುರುತುಗಳನ್ನು ಅಭ್ಯರ್ಥಿಯೂ ಓದಬಹುದು. ಹಾಗೆ ಓದುವುದನ್ನು ಯಾರೂ ಕಲಿಸಿಲ್ಲ, ಅಷ್ಟೆ.

ಸಂಸ್ಥೆಗಳು ತಮ್ಮ ಬಗ್ಗೆ ಆಡುವ ಮಾತು ಸಿಹಿಯಾಗಿರಬೇಕಾದ ಅನಿವಾರ್ಯವೇನೂ ಇಲ್ಲ ಎಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಸಂಶೋಧನಾ ಪರಂಪರೆ ತೋರಿಸಿದೆ. 1956ರಲ್ಲಿ ಜೋಸೆಫ್ ವೈಟ್ಸ್ ಜೀವವಿಮಾ ಏಜೆಂಟರಾಗಲು ಬಂದವರಿಗೆ ಕೆಲಸದ ಕಷ್ಟಸುಖ ಎರಡನ್ನೂ ಹೇಳುವ ಕಿರುಪುಸ್ತಕ ಕಳುಹಿಸಿ ನೋಡಿದರು. ಅದನ್ನು ಓದಿ ಸೇರಿದವರಲ್ಲಿ ಕೆಲಸ ಬಿಟ್ಟವರ ಪ್ರಮಾಣ ಕಡಿಮೆಯಿತ್ತು. 1973ರಲ್ಲಿ ಜಾನ್ ವಾನಸ್ ಟೆಲಿಫೋನ್ ಆಪರೇಟರ್ ಹುದ್ದೆಯ ಅಭ್ಯರ್ಥಿಗಳಿಗೆ ಎರಡು ಬಗೆಯ ಚಿತ್ರ ತೋರಿಸಿದರು. ಒಂದು ಮಾಮೂಲಿ ಪ್ರಚಾರದ್ದು, ಇನ್ನೊಂದು ಕೆಲಸದ ಬೇಸರವನ್ನೂ ಮುಚ್ಚಿಡದೆ ಹೇಳುವಂಥದ್ದು. ಸತ್ಯ ಕಂಡವರು ನಿರೀಕ್ಷೆ ತಗ್ಗಿಸಿಕೊಂಡರು, ಆದರೆ ಕೆಲಸವನ್ನು ತಿರಸ್ಕರಿಸಿ ಓಡಿಹೋಗಲಿಲ್ಲ. ಆಮೇಲಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇದರ ಪರಿಣಾಮ ಸಾಧಾರಣ ಪ್ರಮಾಣದ್ದೇ ಎಂದು ಕಂಡಿದೆ. ಇದನ್ನು ದೊಡ್ಡದು ಮಾಡಿ ಹೇಳುವ ಅಗತ್ಯವಿಲ್ಲ. ಅಭ್ಯರ್ಥಿಗೆ ಇದರಿಂದ ದಕ್ಕುವ ತಿಳಿವು ಬೇರೆ. ನಿಜ ಹೇಳಿದರೂ ಸಂಸ್ಥೆಗೆ ಹೆಚ್ಚು ನಷ್ಟವಿಲ್ಲ ಎಂದಾದರೆ, ಕೆಲಸದ ಒಂದೇ ಒಂದು ತೊಡಕನ್ನೂ ಬಾಯಿಬಿಡದ ಸಂದರ್ಶಕ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದೇ ಎಣಿಸಬಹುದು. ಅಥವಾ ಅವನಿಗೇ ಆ ಕೆಲಸ ಗೊತ್ತಿಲ್ಲ. ಎರಡೂ ತಿಳಿದುಕೊಳ್ಳಬೇಕಾದ ಸಂಗತಿಗಳೇ.

ನಮ್ಮಲ್ಲಿ ಉದ್ಯೋಗದಾತರ ಪರಿಶೀಲನೆ ಹೊಸದಾಗಿ ಕಾಣುವುದಕ್ಕೆ ಚಾರಿತ್ರಿಕ ಕಾರಣವಿದೆ. ಸರ್ಕಾರಿ ಹುದ್ದೆಯ ಅಧಿಸೂಚನೆಯಲ್ಲಿ ವೇತನಶ್ರೇಣಿ, ಮೀಸಲಾತಿ, ವಯೋಮಿತಿ, ಪ್ರೊಬೇಷನ್ ಎಲ್ಲವೂ ಅಚ್ಚಾಗಿರುತ್ತವೆ. ಅಭ್ಯರ್ಥಿ ಇಲಾಖೆಯನ್ನು ವಿಚಾರಿಸಬೇಕಾದ್ದು ಕಡಿಮೆ. ಎರಡು ಮೂರು ತಲೆಮಾರು ಕೆಲಸ ಎಂದರೆ ಅದೇ ಎಂದು ನಂಬಿ ಬೆಳೆಯಿತು. 1991ರ ನಂತರ ಬೆಳೆದ ಖಾಸಗಿ ಉದ್ಯೋಗದಲ್ಲಿ ಷರತ್ತುಗಳು ಒಬ್ಬೊಬ್ಬರಿಗೆ ಒಂದೊಂದು, ಆದರೆ ಮನೋಭಾವ ಮಾತ್ರ ಹಳೆಯದೇ ಉಳಿಯಿತು: ಸಿಕ್ಕಿದ್ದೇ ಭಾಗ್ಯ, ಕೇಳಬಾರದು. ಸಂಬಂಧ ಬೆಳೆಸುವಾಗ ಎರಡೂ ಮನೆಯವರು ನಾಲ್ಕು ಕಡೆ ವಿಚಾರಿಸುವ ನಾಡಿನಲ್ಲಿ ಕೆಲಸದ ವಿಷಯದಲ್ಲಿ ಮಾತ್ರ ವಿಚಾರಣೆ ಒಂದೇ ಕಡೆಯಿಂದ ನಡೆಯುತ್ತದೆ. ಕಂಪನಿ ಅಭ್ಯರ್ಥಿಯ ಅಂಕಪಟ್ಟಿ, ಹಿಂದಿನ ಮೂರು ತಿಂಗಳ ಪೇ ಸ್ಲಿಪ್, ರಿಲೀವಿಂಗ್ ಲೆಟರ್, ವಿಳಾಸ ಎಲ್ಲವನ್ನೂ ಕೇಳುತ್ತದೆ. ಏಜೆನ್ಸಿಗೆ ದುಡ್ಡು ಕೊಟ್ಟು ಹಿನ್ನೆಲೆ ತಪಾಸಣೆ ಮಾಡಿಸುತ್ತದೆ. ಭವಿಷ್ಯನಿಧಿಯ ಯುಎಎನ್ ಸಂಖ್ಯೆಯಡಿ ದಾಖಲಾದ ಸೇವಾ ಇತಿಹಾಸವನ್ನು ತಾಳೆ ನೋಡುತ್ತದೆ. ಅಭ್ಯರ್ಥಿಯ ಮಾತನ್ನು ಮಾತೆಂದು ನಂಬದೆ ಕಾಗದ ಕೇಳುವ ಈ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಅದೇ ನಿಯಮ ಇನ್ನೊಂದು ಕಡೆಗೂ ಅನ್ವಯಿಸಬೇಕು ಎಂಬುದಷ್ಟೇ ನ್ಯಾಯ.

ಸಾರ್ವಜನಿಕ ದಾಖಲೆಗಳ ವಿಷಯದಲ್ಲಿ ಭಾರತದ ಅಭ್ಯರ್ಥಿ ತಾನಂದುಕೊಂಡದ್ದಕ್ಕಿಂತ ಅದೃಷ್ಟವಂತ. 2013ರ ಕಂಪನಿ ಕಾಯ್ದೆಯಡಿ ನೋಂದಣಿಯಾದ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತ ಹೌದೋ ಅಲ್ಲವೋ, ಯಾವ ರಾಜ್ಯ, ಯಾವ ವರ್ಷ ಹುಟ್ಟಿದ್ದು ಎಂಬುದನ್ನು ಆ ಸಂಖ್ಯೆಯಿಂದಲೇ ಓದಬಹುದು. ಹದಿನೈದು ವರ್ಷದ ಅನುಭವ ಎಂದು ಹೇಳಿಕೊಳ್ಳುವ ಕಂಪನಿಯ ಸಂಖ್ಯೆಯಲ್ಲಿ 2021 ಎಂದಿದ್ದರೆ ಕೇಳಲು ಒಂದು ಪ್ರಶ್ನೆ ಸಿಕ್ಕಂತಾಯಿತು. ಹಳೆಯ ಪಾಲುದಾರಿಕೆ ಸಂಸ್ಥೆ ಆಮೇಲೆ ಕಂಪನಿಯಾಗಿರಬಹುದು, ಉತ್ತರ ಸರಿಯೇ ಇರಬಹುದು, ಆದರೂ ಕೇಳಬೇಕು. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನಿರ್ದೇಶಕರ ಹೆಸರು, ಪಾವತಿಯಾದ ಬಂಡವಾಳ, ಕೊನೆಯ ವಾರ್ಷಿಕ ಸಭೆ ಮತ್ತು ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ, ಕಂಪನಿ ಜೀವಂತವಿದೆಯೋ ನೋಂದಣಿ ಅಳಿಸಲಾಗಿದೆಯೋ ಎಂಬ ಸ್ಥಿತಿ ಸಿಗುತ್ತವೆ; ನೂರು ರೂಪಾಯಿ ಶುಲ್ಕ ಕಟ್ಟಿದರೆ ಸಲ್ಲಿಸಿದ ಲೆಕ್ಕಪತ್ರಗಳನ್ನೇ ನೋಡಬಹುದು. ಎರಡು ವರ್ಷದಿಂದ ಲೆಕ್ಕ ಸಲ್ಲಿಸದ ಕಂಪನಿಗೆ ಸಂಬಳದ ದಿನಾಂಕ ನೆನಪಿರುತ್ತದೆ ಎಂದು ನಂಬುವುದು ಕಷ್ಟ. ದಿವಾಳಿ ಸಂಹಿತೆಯಡಿ ಪ್ರಕ್ರಿಯೆ ಆರಂಭವಾಗಿದ್ದರೆ ಅದರ ಸಾರ್ವಜನಿಕ ಪ್ರಕಟಣೆ ದಿವಾಳಿ ಮಂಡಳಿಯ ತಾಣದಲ್ಲಿರುತ್ತದೆ. ಕಂಪನಿಯೇ ಅಲ್ಲದ ಸಣ್ಣ ಉದ್ದಿಮೆಯಾದರೆ ಜಿಎಸ್‌ಟಿ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂಬುದನ್ನಾದರೂ ನೋಡಬಹುದು. ಕರ್ನಾಟಕದ ಸಂಖ್ಯೆಗಳು 29ರಿಂದ ಶುರುವಾಗುತ್ತವೆ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಭವಿಷ್ಯನಿಧಿ ಸಂಘಟನೆಯ ದಾಖಲೆ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಪಿಎಫ್ ವ್ಯಾಪ್ತಿಗೆ ಬರುತ್ತದೆ, ಒಂದು ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಯಾವ ತಿಂಗಳ ಹಣ ಯಾವ ದಿನ ಜಮೆಯಾಯಿತು, ಎಷ್ಟು ಜನರ ಪರವಾಗಿ ಎಂಬುದನ್ನು ಸಂಘಟನೆಯ ತಾಣದ ಸಂಸ್ಥಾ ಹುಡುಕಾಟದಲ್ಲಿ ಯಾರು ಬೇಕಾದರೂ ನೋಡಬಹುದು. ಕೈಯಲ್ಲಿ ಹಣ ಬತ್ತಿದ ಸಂಸ್ಥೆ ಮೊದಲು ತಡಮಾಡುವ ಪಾವತಿಗಳಲ್ಲಿ ಇದೂ ಒಂದು. ಸಂಬಳ ತಡವಾಗುವ ಮುಂಚೆಯೇ ಇಲ್ಲಿ ಸುಳಿವು ಸಿಗುವುದುಂಟು. ಸಂದರ್ಶನದಲ್ಲಿ ‘ನಾವು ವೇಗವಾಗಿ ಬೆಳೆಯುತ್ತಿದ್ದೇವೆ’ ಎಂದ ಕಂಪನಿಯ ಪಿಎಫ್ ಸದಸ್ಯರ ಸಂಖ್ಯೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿದಿದ್ದರೆ, ಬೆಳೆಯುತ್ತಿರುವುದು ಏನು ಎಂದು ವಿಚಾರಿಸುವುದು ತಕ್ಕದ್ದು. ಕಾನೂನಿನ ವೇತನ ಮಿತಿಗಿಂತ ಹೆಚ್ಚು ಸಂಬಳದಲ್ಲಿ ಮೊದಲ ಸಲ ಸೇರಿದ ಕೆಲವರು ಪಿಎಫ್‌ನಿಂದ ಹೊರಗಿರಬಹುದಾದ್ದರಿಂದ ಈ ಸಂಖ್ಯೆಯನ್ನೇ ನೌಕರರ ಒಟ್ಟು ಲೆಕ್ಕ ಎಂದು ಹಿಡಿಯಬಾರದು. ನೋಡಬೇಕಾದ್ದು ಏರಿಳಿತವನ್ನು. ದೊಡ್ಡ ಕಂಪನಿಗಳ ವಿಷಯದಲ್ಲಿ ಇನ್ನೂ ಒಂದು ಬಾಗಿಲು ತೆರೆದಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ನೋಂದಾಯಿತ ಕಂಪನಿಗಳು ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಸೆಬಿ 2022-23ರಿಂದ ಕಡ್ಡಾಯಗೊಳಿಸಿತು. ಕಾಯಂ ನೌಕರರಲ್ಲಿ ಎಷ್ಟು ಪಾಲು ಬಿಟ್ಟುಹೋದರು ಎಂಬ ಪ್ರಮಾಣ ಮೂರು ವರ್ಷದ್ದು, ಗಂಡಸರು ಹೆಂಗಸರ ಮಧ್ಯಾಂಕ ವೇತನ, ಹೆರಿಗೆ ರಜೆ ಮುಗಿಸಿ ಮರಳಿದವರು ಎಷ್ಟು, ಅವರಲ್ಲಿ ಉಳಿದವರು ಎಷ್ಟು, ಲೈಂಗಿಕ ಕಿರುಕುಳದ ದೂರುಗಳು ಎಷ್ಟು: ಎಲ್ಲವೂ ಅದರಲ್ಲಿವೆ. ಹೂಡಿಕೆದಾರರಿಗಾಗಿ ಹುಟ್ಟಿದ ಈ ವರದಿಯನ್ನು ಕೆಲಸ ಹುಡುಕುವವರು ಓದಬೇಕು. ಮಹಿಳೆಯರಿಗೆ ಇಲ್ಲಿನ ಒಂದು ಪುಟ ಕಂಪನಿಯ ಜಾಲತಾಣದ ಹತ್ತು ನಗುಮುಖದ ಚಿತ್ರಗಳಿಗಿಂತ ಹೆಚ್ಚು ಹೇಳುತ್ತದೆ. ದೂರುಗಳ ಸಂಖ್ಯೆ ಸೊನ್ನೆ ಎಂದಿದ್ದರೆ ಅದನ್ನು ಸುರಕ್ಷತೆಯ ಗುರುತೆಂದು ತಟ್ಟನೆ ಒಪ್ಪಬಾರದು. ಹತ್ತು ಸಾವಿರ ಜನರಿರುವಲ್ಲಿ ಸೊನ್ನೆ ಎಂದರೆ ದೂರು ಕೊಡುವ ದಾರಿಯೇ ಮುಚ್ಚಿರಲೂಬಹುದು.

ಎರಡನೆಯ ಸಾಕ್ಷ್ಯ ಕಾಗದ. ಆಫರ್ ಲೆಟರಿನಲ್ಲಿ ದಪ್ಪಕ್ಷರದಲ್ಲಿರುವ ಸಿಟಿಸಿ ಎಂಬುದು ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಅವನ ಕೈಗೆ ಬರುವ ಹಣವಲ್ಲ. ವರ್ಷಕ್ಕೆ 6 ಲಕ್ಷ ಎಂದರೆ ತಿಂಗಳಿಗೆ 50 ಸಾವಿರ ಎಂದು ಮನೆಯವರಿಗೆ ಹೇಳಿ ಆಮೇಲೆ ಮುಖ ಸಣ್ಣದು ಮಾಡಿಕೊಂಡ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಮೂಲ ವೇತನ ಅದರ ಅರ್ಧ, ಅಂದರೆ 3 ಲಕ್ಷ ಎಂದಿಟ್ಟುಕೊಳ್ಳೋಣ. ಪೂರ್ಣ ಮೂಲ ವೇತನದ ಮೇಲೆ ಕಂಪನಿಯ ಪಾಲಿನ ಪಿಎಫ್ 12 ಶೇಕಡಾ, ಅಂದರೆ 36,000. ಗ್ರಾಚ್ಯುಟಿಗೆಂದು ತೆಗೆದಿಡುವ 4.81 ಶೇಕಡಾ, 14,430. ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಹತ್ತು ಶೇಕಡಾ, 60,000. ಇವನ್ನು ಕಳೆದು ಹನ್ನೆರಡರಿಂದ ಭಾಗಿಸಿದರೆ ಉಳಿಯುವುದು 40,797. ಅದರಿಂದ ನೌಕರನ ಪಾಲಿನ ಪಿಎಫ್ 3,000 ಮತ್ತು ಕರ್ನಾಟಕದ ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು ಸುಮಾರು 37,600 ರೂಪಾಯಿ. ಪಿಎಫ್ ಹಣ ಎಲ್ಲಿಗೂ ಹೋಗದು, ಅದು ನೌಕರನದೇ. ಆದರೆ ಬೆಂಗಳೂರಿನ ಬಾಡಿಗೆಯನ್ನು ಅದರಿಂದ ಕಟ್ಟಲಾಗದು. ಸಾಮಾನ್ಯವಾಗಿ ಐದು ವರ್ಷ ಪೂರೈಸದಿದ್ದರೆ ಗ್ರಾಚ್ಯುಟಿ ಸಿಗುವುದೇ ಇಲ್ಲ. ಮೂರು ಕಂಪನಿ ಬದಲಿಸಿದವರ ಸಿಟಿಸಿಯಲ್ಲಿ ಆ ಮೊತ್ತ ಪ್ರತಿ ವರ್ಷ ಕಾಣಿಸಿಕೊಂಡು ಒಮ್ಮೆಯೂ ಕೈಸೇರದೆ ಹೋಗಬಹುದು. ವೇರಿಯಬಲ್ ಪೇ ಕಳೆದ ಎರಡು ವರ್ಷ ಸರಾಸರಿ ಎಷ್ಟು ಶೇಕಡಾ ಪಾವತಿಯಾಯಿತು ಎಂಬ ಒಂದು ಪ್ರಶ್ನೆ ಇಲ್ಲಿ ಕೇಳಲೇಬೇಕಾದ್ದು. ಉತ್ತರ ಒಂದು ಅಂಕಿಯಾಗಿ ಬಂದರೆ ಸಂಸ್ಥೆಯ ಲೆಕ್ಕ ಸ್ವಚ್ಛವಾಗಿದೆ. ‘ಅದು ಪರ್ಫಾರ್ಮೆನ್ಸ್ ಮೇಲೆ’ ಎಂದಷ್ಟೇ ಬಂದರೆ ಆ ಹತ್ತು ಶೇಕಡಾವನ್ನು ಮನಸ್ಸಿನಲ್ಲೇ ಅಳಿಸಿ ಲೆಕ್ಕ ಹಾಕುವುದು ಕ್ಷೇಮ. ಸ್ಟಾರ್ಟಪ್‌ಗಳು ಕೊಡುವ ಷೇರು ಆಯ್ಕೆಗಳ ಕಥೆಯೂ ಅದೇ: ಷೇರಾಗಿ ಪರಿವರ್ತಿಸುವ ದಿನವೇ ತೆರಿಗೆ ಬೀಳಬಹುದು, ಮಾರಲು ಮಾರುಕಟ್ಟೆ ಮಾತ್ರ ಇರುವುದಿಲ್ಲ.

ಸಂಬಳಕ್ಕಿಂತಲೂ ಕಡಿಮೆ ಗಮನ ಪಡೆಯುವ ಭಾಗ ಬಿಡುಗಡೆಯ ಷರತ್ತು. ಐಟಿ ವಲಯದಲ್ಲಿ 90 ದಿನಗಳ ನೋಟಿಸ್ ಪೀರಿಯಡ್ ಸಾಮಾನ್ಯವಾಗಿಬಿಟ್ಟಿದೆ. ಹೊಸ ಕಂಪನಿ ಮೂರು ತಿಂಗಳು ಕಾಯಲಾರದು, ಹಳೆಯದು ಬಿಡದು, ನಡುವೆ ಸಿಕ್ಕವರು ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು. ಪ್ರೊಬೇಷನ್‌ನಲ್ಲಿ ಕಂಪನಿಗೆ ಏಳು ದಿನದ ನೋಟಿಸ್, ನೌಕರನಿಗೆ ತೊಂಬತ್ತು ಎಂಬ ಅಸಮತೋಲ ಕಂಡರೆ ಅದು ಆ ಸಂಸ್ಥೆ ನೌಕರರನ್ನು ಕಾಣುವ ರೀತಿಯ ಲಿಖಿತ ಹೇಳಿಕೆ. ಬಾಂಡ್ ವಿಷಯದಲ್ಲಿ ‘ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕು’ ಎಂಬ ಸಲಹೆ ಹಾಸ್ಟೆಲ್‌ಗಳಲ್ಲಿ ಚಲಾವಣೆಯಲ್ಲಿದೆ. ಅದು ಅರ್ಧ ಸತ್ಯ. ಯಾರನ್ನೂ ಬಲವಂತವಾಗಿ ಕೆಲಸದಲ್ಲಿ ಉಳಿಸಿಕೊಳ್ಳಲಾಗದು, ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ, ಇಷ್ಟು ನಿಜ. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇನ್ನರ್ಧವನ್ನು ಹೇಳುತ್ತದೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಆ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಪೂರೈಸುವ ಮೊದಲೇ ಬಿಟ್ಟು 2 ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದಿತ್ತು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು; ಸುಪ್ರೀಂ ಕೋರ್ಟ್ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿಗೆ ನೇಮಕಾತಿ ದೀರ್ಘವೂ ದುಬಾರಿಯೂ ಆದ ಕೆಲಸ, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಮೊತ್ತ ಅತಿಯಲ್ಲ ಎಂಬುದು ಕಾರಣ. ಹದಿನೈದು ದಿನ ಹಳೆಯ ವಿಡಿಯೋ ತೋರಿಸಿ ತರಬೇತಿ ಎಂದು ಕರೆದು ಎರಡು ಲಕ್ಷ ಕೇಳುವ ಖಾಸಗಿ ಸಂಸ್ಥೆಗೂ ಈ ತೀರ್ಪು ಹಾಗೆಯೇ ಒದಗುತ್ತದೆ ಎನ್ನಲಾಗದು. ಬಾಂಡ್ ಎಂದರೆ ಖಾಲಿ ಬೆದರಿಕೆ ಎಂಬ ನಂಬಿಕೆಯನ್ನಂತೂ ಇನ್ನು ಬಿಡಬೇಕು. ಮೂಲ ಅಂಕಪಟ್ಟಿಗಳನ್ನು ‘ಸೇಫ್ ಆಗಿರಲಿ’ ಎಂದು ಇಟ್ಟುಕೊಳ್ಳುವ, ಭದ್ರತಾ ಠೇವಣಿ ಕೇಳುವ ಸಂಸ್ಥೆಯ ವಿಷಯದಲ್ಲಿ ಮುಂದಿನ ಪರಿಶೀಲನೆಯೇ ಬೇಕಾಗಿಲ್ಲ.

ಮೂರನೆಯದು ನೇಮಕಾತಿ ನಡೆದ ರೀತಿ. ಸಾರಾ ರೈನ್ಸ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯರ್ಥಿಗಳು ವಿಳಂಬ, ಸಂದರ್ಶಕರ ವರ್ತನೆ, ಭೇಟಿಯ ಏರ್ಪಾಟು ಇವನ್ನೆಲ್ಲ ಸಂಸ್ಥೆಯ ಒಳಗುಣದ ಸೂಚನೆಯಾಗಿ ಓದುವುದು ಕಂಡುಬಂತು. ಹಾಗೆ ಓದುವುದು ಎಷ್ಟು ಸರಿ ಎಂಬ ಆಕ್ಷೇಪ ನ್ಯಾಯವಾದದ್ದೇ: ಎಚ್‌ಆರ್ ವಿಭಾಗ ಅಚ್ಚುಕಟ್ಟಾಗಿದ್ದು ನಾಳೆ ಸೇರುವ ತಂಡ ನರಕವಾಗಿರಬಹುದು, ಇಲ್ಲವೇ ತದ್ವಿರುದ್ಧ. ಆದ್ದರಿಂದ ಸ್ವಾಗತದ ಕಾಫಿ, ಕಟ್ಟಡದ ಗಾಜು ಇವಕ್ಕೆ ಬೆಲೆ ಕೊಡದೆ, ತಂಡದ ಕೆಲಸಕ್ಕೆ ನೇರ ಸಂಬಂಧವಿರುವ ನಡತೆಯನ್ನು ಮಾತ್ರ ಆರಿಸಿಕೊಳ್ಳಬೇಕು. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಕ್ರಮ ಮನಸ್ಸಿಗೆ ಬಂದಂತೆ ಹರಟುವುದಕ್ಕಿಂತ ಉತ್ತಮ ಆಯ್ಕೆ ಮಾಡುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ನಿಂತ ತಿಳಿವುಗಳಲ್ಲೊಂದು; 1998ರ ಷ್ಮಿಟ್ ಮತ್ತು ಹಂಟರ್ ಅವರ ವಿಶ್ಲೇಷಣೆಯಲ್ಲೂ ಅಂಕಿಗಳನ್ನು ತಗ್ಗಿಸಿದ 2022ರ ಮರುಲೆಕ್ಕದಲ್ಲೂ ಅದು ಉಳಿದಿದೆ. ಅಳತೆಯಿಲ್ಲದೆ ಆರಿಸುವ ಮೇಲಧಿಕಾರಿ ಬಡ್ತಿಯನ್ನೂ ಅಳತೆಯಿಲ್ಲದೆ ಕೊಡುವ ಸಂಭವ ಹೆಚ್ಚು. ಕೇಳಬೇಕಾದ ಪ್ರಶ್ನೆಗಳೂ ಹೌದು-ಅಲ್ಲ ಎಂಬ ಉತ್ತರಕ್ಕೆ ಎಡೆಕೊಡದಂತಿರಬೇಕು. ಕೆಲಸದ ವಾತಾವರಣ ಹೇಗಿದೆ ಎಂದರೆ ಚೆನ್ನಾಗಿದೆ ಎಂಬ ಉತ್ತರವೇ ಬರುವುದು. ಈ ಜಾಗ ಯಾಕೆ ಖಾಲಿಯಾಯಿತು, ಮೊದಲಿದ್ದವರು ಎಷ್ಟು ಕಾಲ ಇದ್ದರು, ಈಗ ಎಲ್ಲಿದ್ದಾರೆ, ತಂಡದಲ್ಲಿ ಎರಡು ವರ್ಷ ದಾಟಿದವರು ಎಷ್ಟು ಜನ, ಮೊದಲ ಮೂರು ತಿಂಗಳಲ್ಲಿ ಏನು ಮಾಡಿದರೆ ಸಾಕೆಂದು ಎಣಿಸುತ್ತೀರಿ, ರಾತ್ರಿ ಶಿಫ್ಟಿಗೆ ಕ್ಯಾಬ್ ಯಾರ ಹೊಣೆ, ಆಂತರಿಕ ದೂರು ಸಮಿತಿಯ ಅಧ್ಯಕ್ಷೆ ಯಾರು ಎಂದು ಕೇಳಿದರೆ ಬರುವ ಉತ್ತರವನ್ನು ಪರೀಕ್ಷಿಸಬಹುದು. ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಪ್ರತಿ ಕಾರ್ಯಸ್ಥಳದಲ್ಲೂ ಆ ಸಮಿತಿ ಇರಲೇಬೇಕೆಂದು ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಸಮಿತಿ ಕಾಗದದ ಮೇಲೆ ಮಾತ್ರ ಇದೆ ಎಂದರ್ಥ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಸುತ್ತಿನಲ್ಲಿ ಇಬ್ಬರಿಗೆ ಕೇಳುವುದು ಬಲು ಉಪಯುಕ್ತ. ಉತ್ತರಗಳು ಅಕ್ಷರಶಃ ಹೊಂದಿದರೆ ಅದು ಬಾಯಿಪಾಠ, ಪೂರ್ತಿ ವಿರುದ್ಧವಾದರೆ ಯಾರೋ ಮುಚ್ಚಿಡುತ್ತಿದ್ದಾರೆ.

ಹೊರಗಿನವರ ಅಭಿಪ್ರಾಯ ಈ ಮೂರಕ್ಕೂ ಪೂರಕ ಮಾತ್ರ. ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್‌ನಂಥ ತಾಣಗಳಲ್ಲಿ ಬರೆಯುವವರಲ್ಲಿ ತೀರಾ ಸಿಟ್ಟಾದವರು ಮತ್ತು ತೀರಾ ಸಂತುಷ್ಟರು ಹೆಚ್ಚು. ನಡುವಿನವರು ಬರೆಯುವ ಗೋಜಿಗೆ ಹೋಗುವುದಿಲ್ಲ. ಇಯೋನಾ ಮರಿನೆಸ್ಕು ಮತ್ತು ಸಂಗಡಿಗರು ಗ್ಲಾಸ್‌ಡೋರ್ ಮಾಹಿತಿಯಿಂದ ಈ ಓರೆಯನ್ನು ಅಳೆದು, ಬರೆಯಲು ಸಣ್ಣ ಪ್ರೇರಣೆ ಕೊಟ್ಟಾಗ ಎರಡು ತುದಿಗಳ ಭಾರ ಇಳಿಯುವುದನ್ನು ತೋರಿಸಿದ್ದಾರೆ. ಅಂದಮೇಲೆ ನಕ್ಷತ್ರಗಳ ಸರಾಸರಿ ಬಿಟ್ಟು, ಬೇರೆ ಬೇರೆ ವರ್ಷದ ಬೇರೆ ಬೇರೆ ಜನ ಒಂದೇ ನಿರ್ದಿಷ್ಟ ದೂರನ್ನು ಹೇಳಿದ್ದಾರೆಯೇ ಎಂಬುದನ್ನು ನೋಡಬೇಕು. ಒಳಗೆ ಕೆಲಸ ಮಾಡುವ ಪರಿಚಯದವರ ಮಾತನ್ನು ನಾವು ಕಣ್ಣುಮುಚ್ಚಿ ನಂಬುತ್ತೇವೆ, ಅದರಲ್ಲೂ ನಮ್ಮೂರಿನವರಾದರೆ. ರೆಫರ್ ಮಾಡಿದವರಿಗೆ ಹಲವು ಕಂಪನಿಗಳು ಬೋನಸ್ ಕೊಡುತ್ತವೆ ಎಂಬುದನ್ನು ಮರೆಯಬಾರದು. ಪರಿಚಯದವರು ಸುಳ್ಳಾಡುತ್ತಾರೆಂದಲ್ಲ, ಅಲ್ಲೇ ದುಡಿಯುವವರು ತಮ್ಮ ಆಯ್ಕೆಯನ್ನು ತಾವೇ ಹೊಗಳಿಕೊಳ್ಳುವುದು ಮನುಷ್ಯ ಸಹಜ. ಒಂದು ವರ್ಷದ ಹಿಂದೆ ಬಿಟ್ಟುಹೋಗಿ ಬೇರೆಡೆ ನೆಮ್ಮದಿಯಾಗಿರುವವರು ಹೆಚ್ಚು ನಂಬಬಹುದಾದ ಸಾಕ್ಷಿ: ಅವರಿಗೆ ಸಿಟ್ಟು ಆರಿರುತ್ತದೆ, ಲಾಭವೂ ಇಲ್ಲ.

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ಶಕ್ತಿಯದ್ದು. ಶಿರಾದಿಂದಲೋ ಸಿಂಧನೂರಿನಿಂದಲೋ ಬಂದು, ಶಿಕ್ಷಣ ಸಾಲ ತಲೆಮೇಲಿಟ್ಟುಕೊಂಡು, ಇನ್ನೂರು ಅರ್ಜಿಗೆ ಒಂದು ಕರೆ ಪಡೆದ ಫ್ರೆಶರ್ ಕಂಪನಿಯನ್ನು ಪರೀಕ್ಷಿಸುವುದೆಂದರೇನು? ಬೇಡ ಎನ್ನುವ ಸ್ವಾತಂತ್ರ್ಯವೇ ಇಲ್ಲದವನಿಗೆ ಈ ಬೋಧನೆ ಕ್ರೂರ ಎನ್ನಬಹುದು. ಆಕ್ಷೇಪದ ಮೊದಲರ್ಧ ನಿಜ. ಪರಿಶೀಲನೆಯಿಂದ ಮಾರುಕಟ್ಟೆಯ ಅಸಮಾನತೆ ಅಳಿಯದು. ಆದರೆ ಪರಿಶೀಲನೆಯ ಏಕೈಕ ಫಲ ತಿರಸ್ಕಾರ ಎಂದು ಯಾಕೆ ತಿಳಿಯಬೇಕು? ಪಿಎಫ್ ದಾಖಲೆ ನೋಡಲು ಯಾರ ಅನುಮತಿಯೂ ಬೇಡ, ಯಾರ ಮುನಿಸಿಗೂ ಗುರಿಯಾಗಬೇಕಿಲ್ಲ. ಕೆಟ್ಟ ಕಂಪನಿಗೇ ಸೇರಬೇಕಾಗಿ ಬಂದರೂ, ಅದು ಕೆಟ್ಟದ್ದೆಂದು ತಿಳಿದು ಸೇರಿದವನು ಅರ್ಜಿ ಹಾಕುವುದನ್ನು ನಿಲ್ಲಿಸುವುದಿಲ್ಲ, ದೊಡ್ಡ ಮುಂಗಡ ಕೊಟ್ಟು ಮನೆ ಹಿಡಿಯುವುದಿಲ್ಲ, ಕೈಯಲ್ಲಿರುವ ಇನ್ನೊಂದು ದಾರಿಯನ್ನು ಮುಚ್ಚುವುದಿಲ್ಲ. 2022ರ ಆಸುಪಾಸಿನಲ್ಲಿ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆಫರ್ ಪಡೆದ ಹಲವು ಎಂಜಿನಿಯರಿಂಗ್ ಪದವೀಧರರು ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ, ಕೆಲವರು ಎರಡು ವರ್ಷದವರೆಗೆ ಕಾದರು. 2023ರ ಫೆಬ್ರುವರಿಯಲ್ಲಿ ಬೆಂಗಳೂರು ಮೂಲದ ದೊಡ್ಡ ಐಟಿ ಕಂಪನಿಯೊಂದು ವರ್ಷಕ್ಕೆ 6.5 ಲಕ್ಷದ ಆಫರ್ ಕೊಟ್ಟಿದ್ದವರಿಗೆ 3.5 ಲಕ್ಷಕ್ಕೆ ಒಪ್ಪುವಿರಾ ಎಂದು ಕೇಳಿತು. ದೊಡ್ಡ ಹೆಸರು ಆ ಮಕ್ಕಳನ್ನು ಕಾಪಾಡಲಿಲ್ಲ. ಸೇರುವ ದಿನಾಂಕ ಪತ್ರದಲ್ಲಿ ನಿಗದಿಯಾಗಿದೆಯೇ, ಆಫರ್ ಹಿಂತೆಗೆದುಕೊಳ್ಳುವ ಹಕ್ಕನ್ನು ಕಂಪನಿ ಯಾವ ಮಾತಿನಲ್ಲಿ ಉಳಿಸಿಕೊಂಡಿದೆ ಎಂದು ಓದಿದ್ದವರು ಕಾಯುವ ಅವಧಿಯಲ್ಲಿ ಇನ್ನೆರಡು ಪರೀಕ್ಷೆ ಬರೆದಾರು. ಬಡವರ ಮಕ್ಕಳಿಗೆ ಪರಿಶೀಲನೆ ಶ್ರೀಮಂತರ ಮಕ್ಕಳಿಗಿಂತ ಹೆಚ್ಚು ಬೇಕು. ತಪ್ಪು ಕೆಲಸದ ಆರು ತಿಂಗಳನ್ನು ಭರಿಸುವ ಶಕ್ತಿ ಅವರ ಮನೆಯಲ್ಲಿಲ್ಲ.

ಪ್ರಶ್ನೆ ಕೇಳಿದರೆ ಕೆಲಸ ಕೈತಪ್ಪುತ್ತದೆ ಎಂಬ ಭಯ ಇನ್ನೊಂದು. ಇದು ಬಹುಪಾಲು ಯಾವಾಗ ಕೇಳಬೇಕು ಎಂಬುದರ ಪ್ರಶ್ನೆ. ಕೆಲಸದ ಸ್ವರೂಪದ ಬಗ್ಗೆ ಕೇಳುವ ಪ್ರಶ್ನೆ ಮೊದಲ ಸುತ್ತಿನಲ್ಲೂ ಆಸಕ್ತಿಯ ಗುರುತಾಗಿಯೇ ಕಾಣುತ್ತದೆ. ಸಂಬಳ, ರಜೆ, ಬಾಂಡ್, ನೋಟಿಸ್ ಕುರಿತದ್ದನ್ನು ಆಫರ್ ಬಂದ ಮೇಲೆ, ಒಪ್ಪಿಗೆ ಕೊಡುವ ಮುಂಚೆ, ಇಮೇಲ್‌ನಲ್ಲಿ ಕೇಳಬೇಕು. ಆ ಕೆಲವು ದಿನಗಳಲ್ಲಿ ಸಂಸ್ಥೆ ಅಭ್ಯರ್ಥಿಯನ್ನು ಬಯಸುತ್ತಿರುತ್ತದೆ. ‘ಇವತ್ತೇ ಸಂಜೆಯೊಳಗೆ ಹೇಳಿ, ಇಲ್ಲದಿದ್ದರೆ ಬೇರೆಯವರಿಗೆ’ ಎಂಬ ಒತ್ತಡ ಬಂದರೆ ಅದು ಓದಲು ಬಿಡಬಾರದೆಂಬ ಒತ್ತಡ. ವಿನಯದಿಂದ ಕೇಳಿದ ಪ್ರಶ್ನೆಗೆ ಆಫರನ್ನೇ ಹಿಂತೆಗೆದುಕೊಂಡ ಸಂಸ್ಥೆಯಲ್ಲಿ ಸೇರಿದ ಮೇಲೆ ರಜೆ ಕೇಳುವುದು ಹೇಗಿರುತ್ತಿತ್ತು ಎಂದು ಊಹಿಸಿದರೆ ಕಳೆದುಕೊಂಡದ್ದರ ಬೆಲೆ ಗೊತ್ತಾಗುತ್ತದೆ.

ಸರಿಹೋಗದಿದ್ದರೆ ಬಿಟ್ಟರಾಯಿತು, ಮೊದಲೇ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂಬ ಮಾತೂ ಇದೆ. ಯೊವನೋವಿಚ್ ವಿವರಿಸಿದ ಮಾರುಕಟ್ಟೆಯಲ್ಲಿ, ಬಿಡುವುದು ಅಗ್ಗವಾಗಿದ್ದರೆ, ಅದು ಸರಿ. ಇಲ್ಲಿ ಬಿಡುವುದು ಅಗ್ಗವಲ್ಲ. ನೋಟಿಸ್, ಬಾಂಡ್, ತಡೆಹಿಡಿದ ರಿಲೀವಿಂಗ್ ಲೆಟರ್, ಪಿಎಫ್ ಇತಿಹಾಸದಲ್ಲಿ ಅಳಿಸಲಾಗದೆ ಉಳಿಯುವ ಮೂರು ತಿಂಗಳ ಸೇವೆ, ಮುಂದಿನ ಸಂದರ್ಶನದಲ್ಲಿ ಅದಕ್ಕೆ ಕೊಡಬೇಕಾದ ವಿವರಣೆ ಎಲ್ಲವೂ ಸೇರಿ ಭಾರವಾಗುತ್ತವೆ. ದೇಶ ಬಿಟ್ಟು ಹೋಗುವವರಿಗಂತೂ ಹಿಂದಿರುಗುವ ದಾರಿಯೇ ಅನುಮಾನ. ಕರಾವಳಿಯಿಂದ ಗಲ್ಫ್‌ಗೆ ಹೋಗುವವರು ಏಜೆಂಟ್ ನೋಂದಾಯಿತನೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅಂಥವನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಐಟಿ ಕೆಲಸವೆಂದು ಥಾಯ್ಲೆಂಡಿಗೆ ಕರೆಸಿಕೊಂಡು ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೂಟಗಳಿಗೆ ಸಾಗಿಸಿದ ಜಾಲಗಳ ಬಗ್ಗೆ ಸಚಿವಾಲಯ 2022ರಿಂದ ಎಚ್ಚರಿಸುತ್ತ ಬಂದಿದೆ. ಅಲ್ಲಿಯೂ ಬಲೆ ಬೀಸಿದ್ದು ಸಂದರ್ಶನದ ಹೆಸರಿನಲ್ಲೇ, ಫೋನಿನಲ್ಲಿ, ಸುಲಭ ಪ್ರಶ್ನೆ ಮತ್ತು ಭಾರಿ ಸಂಬಳದ ಮಾತಿನೊಂದಿಗೆ.

ಪರಿಶೀಲನೆಯ ಹೊಣೆಯೆಲ್ಲ ಅಭ್ಯರ್ಥಿಯ ಮೇಲೆಯೇ ಇರಬೇಕಾದ್ದೂ ಅಲ್ಲ. ಐರೋಪ್ಯ ಒಕ್ಕೂಟದ 2023ರ ವೇತನ ಪಾರದರ್ಶಕತೆಯ ನಿರ್ದೇಶನದ ಪ್ರಕಾರ ಆರಂಭದ ಸಂಬಳ ಅಥವಾ ಅದರ ವ್ಯಾಪ್ತಿಯನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಎಷ್ಟೆಂದು ಕೇಳುವಂತಿಲ್ಲ. ಸದಸ್ಯ ದೇಶಗಳು ಅದನ್ನು ಕಾನೂನಾಗಿಸಲು ಕೊಟ್ಟ ಗಡುವು 2026ರ ಜೂನ್ 7. ಬೆಂಗಳೂರಿನಲ್ಲಿ ಹಿಂದಿನ ಸಂಬಳದ ಮೇಲೆ ಇಷ್ಟು ಶೇಕಡಾ ಏರಿಕೆ ಎಂಬುದೇ ಲೆಕ್ಕದ ಆಧಾರವಾಗಿರುವಾಗ, ಮೊದಲ ಕೆಲಸದಲ್ಲಿ ಕಡಿಮೆಗೆ ಒಪ್ಪಿದವರು ಹತ್ತು ವರ್ಷ ಅದರ ದಂಡ ತೆರುತ್ತಾರೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರ ಮಾರ್ಚ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಅದರಿಂದ ಈ ವಲಯದಲ್ಲಿ ಸೇವಾ ಷರತ್ತುಗಳ ಭಾರವೆಲ್ಲ ನೇಮಕಾತಿಯ ಕಾಗದದ ಮೇಲೆ ಬಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ದೊಡ್ಡ ಹೆಜ್ಜೆಯೇ ಸರಿ. ಆದರೆ ಆ ಪತ್ರ ಕೊಡಬೇಕಾದ್ದು ನೇಮಕವಾದಾಗ. ಅಷ್ಟರಲ್ಲಿ ಅಭ್ಯರ್ಥಿ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು, ತೊಂಬತ್ತು ದಿನ ಕಳೆದು, ಎರಡು ಸಾಲಿನ ಆಫರ್ ಇಮೇಲ್ ನಂಬಿ ಬಂದಿರುತ್ತಾನೆ. ಪೂರ್ಣ ಷರತ್ತುಗಳಿರುವ ಪತ್ರ ಒಪ್ಪಿಗೆ ಕೇಳುವ ದಿನಕ್ಕಿಂತ ಒಂದು ವಾರ ಮೊದಲೇ ಅಭ್ಯರ್ಥಿಯ ಕೈಸೇರಬೇಕೆಂಬ ಒಂದೇ ನಿಯಮ ಬಂದರೂ ಈ ಲೇಖನದಲ್ಲಿ ಹೇಳಿದ ಅರ್ಧ ಕೆಲಸವನ್ನು ಕಾನೂನೇ ಮಾಡಿದಂತಾಗುತ್ತದೆ. ಅಂಥ ನಿಯಮ ಬರುವವರೆಗೆ ಪತ್ರವನ್ನು ಮುಂಚೆಯೇ ಕೇಳಿ ತರಿಸಿಕೊಂಡು, ರಾಜೀನಾಮೆಯ ಇಮೇಲ್ ಕಳುಹಿಸುವ ಮುನ್ನ ಅದನ್ನು ಕೊನೆಯ ಪುಟದವರೆಗೆ ಓದುವ ಕೆಲಸ ಅಭ್ಯರ್ಥಿಯ ಪಾಲಿಗೇ ಉಳಿದಿದೆ.